ಸುಂದರನ ಸಾಂಬಾರು, ಅಂಬಾರಾಯನ ಸಾಂಬಾರು

ಲೀಲಾಕ್ಷಿ ನಲವತ್ತಮೂರನೆಯ ವಯಸ್ಸಿನಲ್ಲಿ ಕಾಲೇಜು ಸೇರಿದ್ದು ದೊಡ್ಡ ಆಲೋಚನೆ ಮಾಡಿಯೇನಲ್ಲ. 1997ರ ಜೂನ್‌ನಲ್ಲಿ ಮಗಳು ಶ್ರದ್ಧಾಳ ಫೀಸು ಕಟ್ಟಲು ಅವಳ ಜೊತೆ ಹೋಗಿದ್ದಳು. ಸಾಲು ಹನುಮಂತನ ಬಾಲದಂತಿತ್ತು. ಪಕ್ಕದ ಕಿಟಕಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಳಗಿನ ಗುಮಾಸ್ತ ಪಾಪ ಸುಮ್ಮನೆ ಕೂತಿದ್ದಾನಲ್ಲ ಎಂದು ಅವನಿಂದ ಒಂದು ಬಿ.ಎ. ಅರ್ಜಿ ತೆಗೆದುಕೊಂಡಳು. ಸಾಲು ಮುಂದೆ ಸರಿಯುವಷ್ಟರಲ್ಲಿ ಅದನ್ನು ತುಂಬಿದಳು. ತುಂಬಿದ ಮೇಲೆ ಹರಿದು ಹಾಕಲು ಮನಸ್ಸು ಬರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಭುಜಂಗ ಗಲ್ಲಾದ ಹಿಂದಿನಿಂದ ತಲೆಯೆತ್ತಿ, ಯಾವ ಮಗಳಿಗೆ ಎಂದು ಕೇಳಿದ. ಅವರಿಗಿದ್ದದ್ದು ಒಬ್ಬಳೇ ಮಗಳು.

ಭುಜಂಗನ ಹೋಟೆಲು, ಕಮಲಶಿಲೆ ಭವನ, ಪುಣೆಯ ಟಿಳಕ್ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿತ್ತು. ಹದಿನಾಲ್ಕು ಮೇಜು, ಮೇಲೆ ಮನೆ. ಕುಂದಾಪುರದ ಕಡೆಯಿಂದ ಬಂದು ಮದುವೆಯಾದ ಮರುವರ್ಷ ಅದನ್ನು ತೆರೆದವನು, ಅಲ್ಲಿಂದ ಇಲ್ಲಿಯವರೆಗೆ ಗಲ್ಲಾ ಬಿಟ್ಟು ಒಂದು ದಿನ ಹೊರಗೆ ಹೋದವನಲ್ಲ. ಲೀಲಾಕ್ಷಿಯ ಕಾಲೇಜು ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರವರೆಗೆ. ಹನ್ನೊಂದೂಕಾಲಕ್ಕೆ ಅವಳು ಮರಳಿ ಹೋಟೆಲಿನಲ್ಲಿರುತ್ತಿದ್ದಳು. ಆದ್ದರಿಂದ ಭುಜಂಗ ಬೇಡವೆನ್ನಲು ಕಾರಣ ಹುಡುಕುವಷ್ಟರಲ್ಲಿ ಎರಡು ತಿಂಗಳೇ ಕಳೆದುಹೋಗಿತ್ತು.

ತರಗತಿಯ ಹುಡುಗ ಹುಡುಗಿಯರು ಅವಳನ್ನು ಕಾಕು ಎಂದು ಕರೆಯುತ್ತಿದ್ದರು, ಮರಾಠಿಯಲ್ಲಿ ಚಿಕ್ಕಮ್ಮ ಎಂದ ಹಾಗೆ. ಮಾನಸಶಾಸ್ತ್ರ ಕಲಿಸುವ ದೀಪಾಲಿ ಮೇಡಂ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು. ಅವರೂ ಮೊದಲ ವಾರ ಅವಳನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಮಾರ್ಕೆಟ್ಟಿನಲ್ಲಿ ಇಪ್ಪತ್ತಮೂರು ವರ್ಷ ತರಕಾರಿ ಚೌಕಾಸಿ ಮಾಡಿ ಕಲಿತ ಮರಾಠಿ ಲೀಲಾಕ್ಷಿಯ ಕೈಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಮೇಡಂ, ಮನುಷ್ಯನ ಮನಸ್ಸು ತನಗೆ ತಾನೇ ಹೇಗೆ ಟೋಪಿ ಹಾಕಿಕೊಳ್ಳುತ್ತದೆ ಎನ್ನುವ ಪಾಠ ಶುರು ಮಾಡಿದರು. ಅವತ್ತು ಲೀಲಾಕ್ಷಿ ಮನೆಗೆ ನಡೆದು ಬರಲಿಲ್ಲ, ತೇಲಿ ಬಂದಳು. ಇಷ್ಟು ವರ್ಷ ತನ್ನ ಗಂಡನಿಗೆ ಏನಾಗಿದೆ ಎಂದು ಅವಳಿಗೆ ಗೊತ್ತಾಗಿರಲಿಲ್ಲ. ಅದಕ್ಕೆಲ್ಲ ಹೆಸರುಗಳಿದ್ದವು.

ಪುಸ್ತಕದ ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹತ್ತದ್ದರಿಂದ ಅವಳು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ತನ್ನದೇ ಹೆಸರುಗಳನ್ನು ಬರೆದುಕೊಂಡಳು. ಒಂದು ಸಂಗತಿ ನಡೆದುಹೋದ ಮೇಲೆ ಹೀಗಾಗುತ್ತದೆಂದು ಗೊತ್ತೇ ಇತ್ತು ಎನ್ನುವುದು, ಮೊದಲೇ ಗೊತ್ತಿತ್ತು ರೋಗ. ತಾನು ನಂಬಿದ್ದಕ್ಕೆ ಹೊಂದುವುದನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಮೊರದಿಂದ ಆಚೆ ಹಾರಿಸಿಬಿಡುವುದು, ಹೆಕ್ಕುವ ರೋಗ. ಎರಡು ಸಂಗತಿ ಒಂದೆರಡು ಸಲ ಒಟ್ಟಿಗೆ ಕಂಡವೆಂದು ಅವಕ್ಕೆ ನಂಟು ಕಟ್ಟುವುದು, ಗಂಟುಹಾಕುವ ರೋಗ. ಭುಜಂಗನಿಗೆ ಮೂರೂ ಇದ್ದವು, ಮೂರೂ ಬಲವಾಗಿಯೇ ಇದ್ದವು. ಬೆಳಗಿನ ಮೊದಲ ಗಿರಾಕಿ ಮಸಾಲೆದೋಸೆ ಕೇಳಿದರೆ ದಿನವೆಲ್ಲ ಸುಸೂತ್ರ, ಬರೀ ಚಹಾ ಕೇಳಿದರೆ ಗ್ರೈಂಡರ್ ಕೆಡುತ್ತದೆ ಎಂದು ಅವನು ಇಪ್ಪತ್ತು ವರ್ಷದಿಂದ ನಂಬಿದ್ದ. ಲೀಲಾಕ್ಷಿ ಹಳೆಯ ಕ್ಯಾಲೆಂಡರಿನ ಹಿಂದೆ ನಾಲ್ಕು ಮನೆ ಗೀಚಿ ಆರು ವಾರ ಗುರುತು ಹಾಕಿದಳು. ದೋಸೆಯ ದಿನ, ಚಹಾದ ದಿನ, ಗ್ರೈಂಡರ್ ಕೆಟ್ಟದ್ದು, ಕೆಡದ್ದು. ಗ್ರೈಂಡರ್ ಮೂರು ಸಲ ಕೆಟ್ಟಿತು, ಅದರಲ್ಲಿ ಎರಡು ಸಲ ದೋಸೆಯ ದಿನವೇ. ಅವಳು ಕ್ಯಾಲೆಂಡರನ್ನು ಗಲ್ಲಾದ ಮೇಲೆ ಹರಡಿದಾಗ ಭುಜಂಗ ಕನ್ನಡಕ ಏರಿಸಿ ನೋಡಿ, ಆ ಎರಡು ದಿನ ಎರಡನೆಯ ಗಿರಾಕಿ ಚಹಾ ಕೇಳಿರಬೇಕು ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ಆ ವರ್ಷ ಅವಳಿಗೆ ಎಲ್ಲದಕ್ಕೂ ನಗು ಬರುತ್ತಿತ್ತು.

ಡಿಸೆಂಬರಿನಲ್ಲಿ ಅಡುಗೆಯ ಸುಂದರ ರಜೆ ಕೇಳಿದ. ಹೋಟೆಲು ತೆರೆದ ದಿನದಿಂದ ಒಲೆಯ ಮುಂದೆ ನಿಂತವನು ಅವನು. ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಊರಿಗೆ ಹೋದದ್ದಿಲ್ಲ. ಈಗ ಅವನ ಮಗಳು ಚೊಚ್ಚಲ ಬಸುರಿ, ಫೆಬ್ರವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ತವರಿಗೆ ಬರುವವಳು. ಮನೆಯಲ್ಲಿ ಹೆಂಡತಿ ಒಬ್ಬಳೇ, ಅವಳಿಗೂ ಸೊಂಟ ನೋವು. ಎರಡು ತಿಂಗಳು ಬೇಕಿತ್ತು. ತನ್ನ ಮಗಳು ಹುಟ್ಟಿದಾಗ ತಾನು ಹತ್ತಿರ ಇರಲಿಲ್ಲ, ಮೊದಲ ಸಲ ಕಂಡಾಗ ಅವಳಿಗೆ ಆಗಲೇ ಹಲ್ಲು ಬಂದಿತ್ತು ಎಂದು ಸುಂದರ ನೆಲ ನೋಡುತ್ತ ಹೇಳಿದ. ಭುಜಂಗ ಕೆಟ್ಟವನಲ್ಲ. ಹಣ ಬೇಕಾದರೆ ತೆಗೆದುಕೋ, ಊರಿನಲ್ಲಿ ಒಬ್ಬ ಹೆಂಗಸನ್ನು ಗೊತ್ತುಮಾಡು ಎಂದ. ರಜೆ ಮಾತ್ರ ಆಗುವ ಹಾಗಿಲ್ಲ. ಸುಂದರನ ಕೈ ಇಲ್ಲದ ಸಾಂಬಾರನ್ನು ಗಿರಾಕಿಗಳು ಮುಟ್ಟುವುದಿಲ್ಲ, ಅದು ಪರೀಕ್ಷೆ ಮಾಡಿ ನೋಡಿದ ಸತ್ಯ. ಎರಡು ವರ್ಷದ ಹಿಂದೆ ಸುಂದರ ನಾಲ್ಕು ದಿನ ಹೋಗಿದ್ದಾಗ ನಿಜಲಿಂಗಪ್ಪನವರು ಮೊದಲ ಚಮಚಕ್ಕೇ ಬಟ್ಟಲು ದೂರ ಸರಿಸಿದ್ದರಲ್ಲ.

ನಿಜಲಿಂಗಪ್ಪ ಗಜೇಂದ್ರಗಡದ ಕಡೆಯವರು. ಪುಣೆಯ ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ದಿನಾ ಬೆಳಿಗ್ಗೆ ಎಂಟಕ್ಕೆ ಬಂದು ಕಿಟಕಿಯ ಪಕ್ಕದ ಮೇಜಿನಲ್ಲಿ ಎರಡು ಇಡ್ಲಿ ತಿನ್ನುತ್ತಿದ್ದರು. ಅವರ ನಾಲಿಗೆ ಆ ಹೋಟೆಲಿನ ಹೈಕೋರ್ಟು. ಅವರು ತಲೆಯಾಡಿಸಿದರೆ ಸುತ್ತಲಿನ ಮೇಜುಗಳೂ ತಲೆಯಾಡಿಸುತ್ತಿದ್ದವು. ಅವರು ಹುಬ್ಬು ಗಂಟಿಕ್ಕಿದರೆ ಎಲ್ಲರಿಗೂ ಹುಳಿ ಹೆಚ್ಚಾದಂತೆ ಕಾಣುತ್ತಿತ್ತು.

ಲೀಲಾಕ್ಷಿ ಒಂದೇ ಪ್ರಶ್ನೆ ಕೇಳಿದಳು. ಆ ನಾಲ್ಕು ದಿನ ಸುಂದರ ಇಲ್ಲವೆಂದು ನಿಜಲಿಂಗಪ್ಪನವರಿಗೆ ಮೊದಲೇ ತಿಳಿದಿತ್ತೋ ಇಲ್ಲವೋ? ತಿಳಿಯದೆ ಏನು, ಭುಜಂಗನೆಂದ. ಸುಂದರ ಒಗ್ಗರಣೆ ಹಾಕುವಾಗ ಯಕ್ಷಗಾನದ ಪದ ಹೇಳುತ್ತಿದ್ದ. ಒಳಗಿನಿಂದ ಪದ ಕೇಳಿಸದಿದ್ದರೆ ಇಡೀ ಗಲ್ಲಿಗೇ ಗೊತ್ತಾಗುತ್ತಿತ್ತು, ಅಡುಗೆಗೆ ನಿಂತದ್ದು ಕಿರಿಯ ಭಟ್ಟ ಆಳಂದದ ಅಂಬಾರಾಯ ಎಂದು. ಅಂಬಾರಾಯ ಎಂಟು ವರ್ಷದಿಂದ ಸುಂದರನ ಕೈಕೆಳಗೆ ಇದ್ದವನು. ಮಾತು ಕಮ್ಮಿ, ಹಾಡು ಇಲ್ಲವೇ ಇಲ್ಲ.

ಲೀಲಾಕ್ಷಿಗೆ ಕಾಲೇಜಿಗೆ ಒಂದು ಸಣ್ಣ ಪ್ರಯೋಗ ಮಾಡಿ ಬರೆದು ಕೊಡಬೇಕಿತ್ತು. ಅವಳು ಗಂಡನ ಮುಂದೆ ಷರತ್ತು ಇಟ್ಟಳು. ಇಬ್ಬರೂ ಬೇರೆ ಬೇರೆ ಪಾತ್ರೆಯಲ್ಲಿ ಸಾಂಬಾರು ಮಾಡಲಿ. ಹತ್ತು ಬಟ್ಟಲು, ಯಾವುದರಲ್ಲಿ ಯಾರದ್ದು ಎಂದು ನಿಜಲಿಂಗಪ್ಪನವರು ಹೇಳಲಿ. ಹೇಳಲಾಗದಿದ್ದರೆ ಸುಂದರನಿಗೆ ಎರಡು ತಿಂಗಳು ರಜೆ. ಭುಜಂಗ ಅವತ್ತು ಅರ್ಧ ಗಂಟೆ ನಕ್ಕ. ನಗುತ್ತಲೇ ಒಪ್ಪಿಕೊಂಡ. ನಿಜಲಿಂಗಪ್ಪನವರಂತೂ ಮದುವೆಗೆ ಕರೆದಷ್ಟು ಸಂತೋಷಪಟ್ಟು, ನಾಲಿಗೆ ಸ್ವಚ್ಛವಿರಲೆಂದು ಎರಡು ದಿನ ಎಲೆ ಅಡಿಕೆ ಬಿಟ್ಟರು.

ಆ ಭಾನುವಾರ ಮಧ್ಯಾಹ್ನ ಮೂರಕ್ಕೆ, ಊಟದವರು ಎದ್ದು ಸಂಜೆಯ ತಿಂಡಿಯವರು ಬರುವ ಮುಂಚೆ, ಪರೀಕ್ಷೆ ನಡೆಯಿತು. ಲೀಲಾಕ್ಷಿ ಅಡುಗೆಮನೆಯಲ್ಲಿ ನಾಣ್ಯ ಚಿಮ್ಮಿ, ರಾಜಮುದ್ರೆ ಬಿದ್ದರೆ ಸುಂದರನ ಪಾತ್ರೆಯಿಂದ, ಅಂಕಿ ಬಿದ್ದರೆ ಅಂಬಾರಾಯನ ಪಾತ್ರೆಯಿಂದ ಬಡಿಸಿ, ತಾನೇ ಬಟ್ಟಲು ತಂದು ನಿಜಲಿಂಗಪ್ಪನವರ ಮುಂದೆ ಇಡುತ್ತ ಹೋದಳು. ಅವರು ಒಂದು ಚಮಚ ಬಾಯಿಗೆ ಹಾಕಿ, ಮೇಲೆ ನೋಡಿ, ಅವಳನ್ನು ನೋಡಿ, ನಿಧಾನಕ್ಕೆ ಹೆಸರು ಹೇಳುವರು. ಸುಂದರ. ಸುಂದರ. ಅಂಬಾರಾಯ. ಸುತ್ತ ಇಪ್ಪತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಹತ್ತರಲ್ಲಿ ಒಂಬತ್ತು ಸರಿ.

ಹೋಟೆಲು ಎದ್ದು ಕುಣಿಯಿತು. ಭುಜಂಗ ನಿಂತವರಿಗೆಲ್ಲ ಕೇಸರಿಬಾತು ಕೊಡಿಸಿದ. ನಿಜಲಿಂಗಪ್ಪನವರನ್ನು ನಾಲ್ಕು ಜನ ಎತ್ತಿಕೊಳ್ಳಲು ಹೊರಟರು, ಅವರು ಮಂಡಿ ನೋವೆಂದು ಬೇಡವೆಂದರು. ಸುಂದರ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಅರ್ಧ ಮುಖದಲ್ಲಿ ಹೆಮ್ಮೆ, ಅರ್ಧ ಮುಖದಲ್ಲಿ ದುಃಖ ಇಟ್ಟುಕೊಂಡು, ಯಾವುದನ್ನು ತೋರಿಸಬೇಕೋ ತಿಳಿಯದೆ ಒಳಗೆ ಹೋದ. ಆ ಸಂಜೆ ಅವನು ಪದ ಹೇಳಲಿಲ್ಲ. ಅಂಬಾರಾಯನಂತೂ ಈರುಳ್ಳಿ ಹೆಚ್ಚದೆಯೇ ಕಣ್ಣು ಒರೆಸಿಕೊಂಡ.

ಸೋಮವಾರ ಲೀಲಾಕ್ಷಿ ತರಗತಿಯಲ್ಲಿ ಎದ್ದು ನಿಂತು ತನ್ನ ಸೋಲನ್ನು ವರದಿ ಮಾಡಿದಳು. ಬರೀ ಊಹೆಯಿಂದ ಹೇಳಿದರೂ ಹತ್ತಕ್ಕೆ ಐದು ಸರಿಯಾದೀತು, ಆದರೆ ಒಂಬತ್ತು ಎನ್ನುವುದು ನೂರು ಸಲಕ್ಕೊಮ್ಮೆ ಬಂದರೆ ಹೆಚ್ಚು, ಮುದುಕರ ನಾಲಿಗೆ ದೊಡ್ಡದೇ ಇರಬೇಕು ಎಂದು ತಾನೇ ಒಪ್ಪಿಕೊಂಡಳು. ದೀಪಾಲಿ ಮೇಡಂ ಎಲ್ಲ ಕೇಳಿ, ಬಟ್ಟಲು ತಂದಿಟ್ಟವರು ಯಾರು ಎಂದರು. ನಾನೇ ಎಂದಳು. ಅದು ಯಾರದ್ದೆಂದು ನಿಮಗೆ ಗೊತ್ತಿತ್ತೇ ಎಂದರು. ಗೊತ್ತಿಲ್ಲದೆ ಹೇಗೆ, ಬಡಿಸಿದವಳೂ ನಾನೇ ಎಂದಳು. ಮೇಡಂ ಒಬ್ಬ ಹುಡುಗಿಯನ್ನು ಕ್ಯಾಂಟೀನಿಗೆ ಕಳಿಸಿ ಎಂಟು ಲೋಟ ಚಹಾ ತರಿಸಿದರು.

ಎಂಟೂ ಒಂದೇ ಕೆಟಲಿನ ಚಹಾ. ಮೇಡಂ ಲೀಲಾಕ್ಷಿಯ ಕಿವಿಯಲ್ಲಿ, ಒಂದೊಂದು ಲೋಟಕ್ಕೂ ನಾಣ್ಯ ಚಿಮ್ಮಿ, ಇದು ಸುಂದರ ಮಾಡಿದ್ದು ಅಥವಾ ಇದು ಅಂಬಾರಾಯ ಮಾಡಿದ್ದು ಎಂದು ಮನಸ್ಸಿನಲ್ಲಿ ಅಂದುಕೊಂಡು ಮುಂದಿನ ಬೆಂಚಿನ ಮೇಲೆ ಇಡಿ, ಮುಖದಲ್ಲಿ ಏನೂ ತೋರಿಸಬೇಡಿ ಎಂದರು. ಲೀಲಾಕ್ಷಿ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಮೊದಲ ಲೋಟ ಇಟ್ಟಳು. ಕುಡಿಯಬೇಕಾದ ಅಗತ್ಯವೇ ಬೀಳಲಿಲ್ಲ. ನಲವತ್ತು ಗಂಟಲು ಒಟ್ಟಿಗೆ ಸುಂದರ ಎಂದವು. ಎರಡನೆಯದು ಅಂಬಾರಾಯ. ಮೂರನೆಯದು ಅಂಬಾರಾಯ. ಎಂಟಕ್ಕೆ ಎಂಟೂ ಸರಿ. ಹುಡುಗರು ಬೆಂಚು ಗುದ್ದಿ ನಗುತ್ತಿದ್ದರು, ಪಕ್ಕದ ತರಗತಿಯ ಮೇಷ್ಟ್ರು ಬಂದು ಬಾಗಿಲಲ್ಲಿ ಇಣುಕಿದರು. ಸುಂದರನ ಲೋಟವನ್ನು ಅವಳು ಎರಡು ಕೈಯಲ್ಲಿ ಹಿಡಿದು, ದೇವರ ಮುಂದೆ ದೀಪ ಇಟ್ಟ ಹಾಗೆ ಇಡುತ್ತಿದ್ದಳು. ಅಂಬಾರಾಯನದನ್ನು ಒಂದೇ ಕೈಯಲ್ಲಿ ಇಟ್ಟು, ಕಂಡುಹಿಡಿ ನೋಡೋಣ ಎನ್ನುವಂತೆ ಗಲ್ಲ ಎತ್ತುತ್ತಿದ್ದಳು.

ಲೀಲಾಕ್ಷಿ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಅವಳು ನಕ್ಕದ್ದು ಎಷ್ಟೆಂದರೆ ಮೇಡಂ ತಾವೇ ನೀರು ತಂದುಕೊಟ್ಟರು. ಮಂದಿಯ ರೋಗಕ್ಕೆಲ್ಲ ಹೆಸರಿಟ್ಟುಕೊಂಡು ತಿರುಗಿದವಳ ಕೈಯೇ ಗುಟ್ಟು ಬಿಟ್ಟುಕೊಡುತ್ತಿತ್ತು. ಮೇಡಂ ಅವಳಿಗೆ ಹೇಳಿದ್ದು ಇಷ್ಟು. ತಿನ್ನುವವನಿಗೆ ಗೊತ್ತಿರಬಾರದು ಎನ್ನುವುದು ಅರ್ಧ ಕೆಲಸ, ಕೊಡುವವನಿಗೂ ಗೊತ್ತಿರಬಾರದು. ಮತ್ತೆ, ಒಬ್ಬರ ನಾಲಿಗೆಯಿಂದ ಊರಿನ ನಾಲಿಗೆ ತಿಳಿಯುವುದಿಲ್ಲ.

ಎರಡನೆಯ ಪರೀಕ್ಷೆಗೆ ಭುಜಂಗ ಒಪ್ಪಿದ್ದು ಗೆಲುವಿನ ಸೊಕ್ಕಿನಲ್ಲಿ. ಈ ಸಲ ನಿಜಲಿಂಗಪ್ಪನವರ ಜೊತೆ ದಿನಾ ಬರುವ ಹತ್ತು ಗಿರಾಕಿಗಳು ಕೂತರು. ಹನ್ನೆರಡನೆಯವನಾಗಿ ಭುಜಂಗನೇ ಕೂತ, ತನ್ನ ಹೋಟೆಲಿನ ಸಾಂಬಾರು ತನಗೆ ಗೊತ್ತಿಲ್ಲವೇ ಎಂದು. ಅಡುಗೆಮನೆಯ ಬಾಗಿಲು ಹಾಕಿ ಒಳಗೆ ಶ್ರದ್ಧಾ ಒಬ್ಬಳೇ ನಾಣ್ಯ ಚಿಮ್ಮಿ, ನಂಬರು ಬರೆದ ಬಟ್ಟಲುಗಳನ್ನು ತುಂಬಿ, ಕಾಗದದಲ್ಲಿ ಗುರುತು ಮಾಡಿ, ಕಿಂಡಿಯಿಂದ ಆಚೆ ತಳ್ಳಿದಳು. ಕಿಂಡಿಯಿಂದ ತೆಗೆದು ಮೇಜಿಗೆ ಇಟ್ಟದ್ದು ಪಾತ್ರೆ ತೊಳೆಯುವ ಮರೆಮ್ಮ. ಅವಳಿಗೆ ಯಾವುದು ಯಾರದ್ದೆಂದು ಗೊತ್ತಿರಲಿಲ್ಲ, ಗೊತ್ತಿದ್ದರೂ ಅವಳ ಮುಖ ನೋಡಿ ಬ್ರಹ್ಮನಿಗೂ ಏನೂ ತಿಳಿಯುತ್ತಿರಲಿಲ್ಲ. ಸುಂದರ, ಅಂಬಾರಾಯ ಇಬ್ಬರನ್ನೂ ಮಹಡಿಯ ಮನೆಗೆ ಕಳಿಸಿದ್ದರು. ಲೀಲಾಕ್ಷಿ ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ ಎದುರಿನ ಮಾರುತಿ ಗುಡಿಗೆ ಹೋಗಿ, ಹೋಟೆಲಿಗೆ ಬೆನ್ನು ಹಾಕಿ ಕೂತಳು. ಎರಡು ಸಲ ಎದ್ದು ಇಣುಕಬೇಕೆನಿಸಿತು. ಎರಡು ಸಲವೂ ಮಾರುತಿಯ ಕಡೆ ನೋಡಿ ಕೂತಳು.

ಮುಕ್ಕಾಲು ಗಂಟೆಯ ಮೇಲೆ ಶ್ರದ್ಧಾ ರಸ್ತೆಯ ಆಚೆಯಿಂದ ಕೈ ಬೀಸಿದಳು. ಲೀಲಾಕ್ಷಿ ಚಪ್ಪಲಿ ಮರೆತು ಓಡಿ ಬಂದಳು.

ಶ್ರದ್ಧಾ ಪಟ್ಟಿ ಓದಿದಳು. ಹನ್ನೆರಡು ಜನರಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಯಾರಿಗೂ ಬಂದಿರಲಿಲ್ಲ. ಹೆಚ್ಚಿನವರದು ನಾಲ್ಕು, ಐದು, ಆರು. ನಿಜಲಿಂಗಪ್ಪನವರಿಗೆ ಐದು. ಮೂರು ಬಂದದ್ದು ಒಬ್ಬನಿಗೆ ಮಾತ್ರ, ಅದು ಭುಜಂಗ. ಅವನು ಪ್ರತಿ ಬಟ್ಟಲಿಗೂ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಹೆಸರು ಹೇಳಿದ್ದ.

ಯಾರೋ ಒಬ್ಬರು ಕಿಸಕ್ಕನೆ ನಕ್ಕರು, ಅಷ್ಟೇ ಸಾಕಾಯಿತು. ಭುಜಂಗನಿಗೂ ನಗದೆ ಉಳಿಯಲಾಗಲಿಲ್ಲ. ಆದರೆ ಲೀಲಾಕ್ಷಿಯ ಕಣ್ಣು ಮಹಡಿಯ ಮೆಟ್ಟಿಲ ಕಡೆ ಹೋಯಿತು. ಸುಂದರ ಇಳಿದು ಬಂದು ಎಲ್ಲ ಕೇಳಿಸಿಕೊಂಡಿದ್ದ. ರಜೆಯ ಆಸೆಯಲ್ಲಿ ಅವಳು ಇದೊಂದನ್ನು ಯೋಚಿಸಿಯೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಒಲೆಯ ಮುಂದೆ ಬೆಂದವನಿಗೆ, ನಿನ್ನ ಕೈಗೂ ಇನ್ನೊಬ್ಬನ ಕೈಗೂ ವ್ಯತ್ಯಾಸ ಇಲ್ಲ ಎಂದು ಹನ್ನೆರಡು ಜನರ ಮುಂದೆ ಹೇಳಿಸಿದಂತಾಗಿತ್ತು. ಅವಳ ನಗು ಅಲ್ಲೇ ನಿಂತಿತು.

ಸುಂದರ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿದ. ಹಿಂದೆ ನಿಂತಿದ್ದ ಅಂಬಾರಾಯನನ್ನು ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡ.

"ಇವನಿಗೆ ಕಲಿಸಿದ್ದು ಯಾರು ಅಕ್ಕಾ?" ಎಂದ. "ವ್ಯತ್ಯಾಸ ಗೊತ್ತಾಗಿದ್ರೆ ಮರ್ಯಾದೆ ಹೋಗುದು ನಂದು. ಎಂಟು ವರ್ಷ ಕಲಿಸಿ ಎಂತ ಪ್ರಯೋಜನ ಅಂತ ಕೇಳ್ತಿದ್ರು."

ಅಂಬಾರಾಯ ಗುರುವಿನ ಕಾಲಿಗೆ ಬಗ್ಗಿದ. ಸುಂದರ ಅವನನ್ನು ಎತ್ತಿ, ಸಂಜೆಯ ಬೇಳೆ ಇಟ್ಟಿದ್ದೀಯೋ ಇಲ್ಲವೋ ಎಂದು ಗದರಿದ. ಐದು ನಿಮಿಷಕ್ಕೆ ಒಳಗಿನಿಂದ ಪದ ಕೇಳಿಸತೊಡಗಿತು. ಜೊತೆಗೆ ಇನ್ನೊಂದು ಸ್ವರ, ತಾಳ ತಪ್ಪಿದ್ದು, ಅಂಬಾರಾಯನದು.

ಸುಂದರನಿಗೆ ರಜೆ ಸಿಕ್ಕಿತು. ಆದರೆ ನಿಜಲಿಂಗಪ್ಪನವರು ಮರುದಿನ ಬರಲಿಲ್ಲ. ಅದರ ಮರುದಿನವೂ ಕಿಟಕಿಯ ಪಕ್ಕದ ಮೇಜು ಖಾಲಿ. ಮೂರನೆಯ ದಿನ ಲೀಲಾಕ್ಷಿ ಕಾಲೇಜಿನಿಂದ ಬರುವಾಗ ದಾರಿ ಬದಲಿಸಿ ಅವರ ಮನೆಗೆ ಹೋದಳು. ಹತ್ತಾರು ಸಂಸಾರಗಳಿರುವ ಹಳೆಯ ವಾಡೆಯ ಎರಡು ಕೋಣೆ. ಮುದುಕರು ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಸೊಸೆ ಮಾಡಿಟ್ಟ ಉಪ್ಪಿಟ್ಟು ತಣ್ಣಗಾಗಿತ್ತು. ಲೀಲಾಕ್ಷಿ ಸುತ್ತಿ ಬಳಸಿ ಮಾತಾಡಲಿಲ್ಲ. ಮೊದಲ ಸಲ ಒಂಬತ್ತು ಹೇಗೆ ಬಂತೆಂದು, ಕ್ಯಾಂಟೀನಿನ ಚಹಾದ ಕಥೆಯನ್ನು, ತಾನು ಲೋಟ ಇಟ್ಟ ರೀತಿಯನ್ನು ಎದ್ದು ನಿಂತು ಅಭಿನಯ ಮಾಡಿಯೇ ತೋರಿಸಿದಳು. ಒಳಗಿನಿಂದ ಸೊಸೆ ಬಂದು ಬಾಗಿಲಿಗೊರಗಿ ನಗತೊಡಗಿದಳು. ನಿಜಲಿಂಗಪ್ಪ ನಗಲಿಲ್ಲ. ತಲೆ ಓರೆ ಮಾಡಿ ಅವಳ ಕೈಗಳನ್ನೇ ನೋಡಿದರು.

"ಹಂಗಾರ ಮೊದಲನೇ ಸಲ ನಾ ಸಾಂಬಾರ ಓದಿಲ್ರಿ ಅಕ್ಕಾರ, ನಿಮ್ಮನ್ನ ಓದೀನಿ," ಎಂದರು.

ಹೌದೆಂದಳು.

"ಮೂವತ್ತೈದು ವರ್ಷ ಮಂದಿ ಕೆಟ್ಟ ಅಕ್ಷರ ಓದೀನ್ರಿ. ಊರಿನ ಹೆಸರ ಇಲ್ಲದ ಕಾಗದ ಊರಿಗೆ ಮುಟ್ಟಸೀನಿ. ನಿಮ್ಮ ಕೈ ಓದೂದು ಏನ್ ದೊಡ್ಡ ಮಾತು."

ಮುದುಕರ ಬೆನ್ನು ನೆಟ್ಟಗಾಯಿತು. ತಣ್ಣನೆಯ ಉಪ್ಪಿಟ್ಟನ್ನು ಹತ್ತಿರ ಎಳೆದುಕೊಂಡರು. ಮಾರನೆಯ ದಿನ ಎಂಟಕ್ಕೆ ಸರಿಯಾಗಿ ಹೋಟೆಲಿಗೆ ಬಂದು, ತಾವು ಹತ್ತಕ್ಕೆ ಒಂಬತ್ತು ಸಲ ಮನುಷ್ಯರ ಮುಖ ಓದಬಲ್ಲವರೆಂದು, ಇದು ಕಾಲೇಜಿನಲ್ಲೇ ಸಿದ್ಧವಾಗಿದೆ ಎಂದು ಪಕ್ಕದ ಮೇಜಿನವರಿಗೆ ವಿವರಿಸಿದರು. ಹನ್ನೊಂದೂಕಾಲಕ್ಕೆ ಕಾಲೇಜಿನಿಂದ ಬಂದು ಅದನ್ನು ಕೇಳಿದ ಲೀಲಾಕ್ಷಿ ತಿದ್ದಲು ಹೋಗಲಿಲ್ಲ.

ಜನವರಿ ಕೊನೆಗೆ ಸುಂದರ ಊರಿನ ಬಸ್ಸು ಹತ್ತಿದ. ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಲೀಲಾಕ್ಷಿ ಅಂದುಕೊಂಡಿದ್ದಳು. ಸಾಂಬಾರಿನಲ್ಲಿ ವ್ಯತ್ಯಾಸ ಇಲ್ಲವೆಂದು ಹನ್ನೆರಡು ನಾಲಿಗೆ ಸಾಕ್ಷಿ ಹೇಳಿ ಆಗಿತ್ತು. ಲೆಕ್ಕದ ಕಾಗದವನ್ನು ಭುಜಂಗನೇ ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿದ್ದ. ಎರಡನೆಯ ದಿನವೇ, ಅವಳಿಗೆ ಕಾಲೇಜಿಲ್ಲದ ಭಾನುವಾರ, ನಿಜಲಿಂಗಪ್ಪನವರು ಚಮಚ ಕೆಳಗಿಟ್ಟರು. ಅವಳು ಹತ್ತಿರ ಹೋದಾಗ ತಪ್ಪು ಮಾಡಿದವರಂತೆ ದನಿ ತಗ್ಗಿಸಿ, ವ್ಯತ್ಯಾಸ ಇಲ್ಲವೆಂದು ತಮಗೆ ಚೆನ್ನಾಗಿ ಗೊತ್ತಿದೆ, ತಾವೇ ಪರೀಕ್ಷೆಗೆ ಕೂತವರು, ಆದರೂ ಏನೋ ಬೇರೆ ರುಚಿ ಹತ್ತುತ್ತದೆ ಎಂದರು. ಪಕ್ಕದ ಮೇಜಿನವರೂ ಹೌದೆಂದರು. ಭುಜಂಗನಿಗೆ ಹಿಂಗು ಕಮ್ಮಿ ಎನಿಸಿತು. ಲೀಲಾಕ್ಷಿ ಸಿಟ್ಟಿನಿಂದ ಅಡುಗೆಮನೆಗೆ ಹೋಗಿ, ಒಂದು ಸೌಟು ಬಟ್ಟಲಿಗೆ ಹಾಕಿಕೊಂಡು ಬಾಯಿಗಿಟ್ಟಳು.

ಅವಳಿಗೂ ಬೇರೆಯೇ ಅನಿಸಿತು.

ಬಟ್ಟಲು ಹಿಡಿದು ಅವಳು ಅಕ್ಕಿ ಚೀಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಟ್ಟಿ ಬರೆಸಿದವಳು ತಾನು, ಪಾಠ ಓದಿದವಳು ತಾನು, ಅರ್ಧ ವಾರ್ಷಿಕದಲ್ಲಿ ಅದೇ ಪಾಠಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ತೆಗೆದವಳು ತಾನು. ನಾಲಿಗೆ ಮಾತ್ರ ಸುಂದರ ಇಲ್ಲ, ಸುಂದರ ಇಲ್ಲ ಎನ್ನುತ್ತಿತ್ತು. ರೋಗದ ಹೆಸರು ಗೊತ್ತಾದರೆ ರೋಗ ಹೋಗುವುದಿಲ್ಲ ಎಂದು ಅವಳಿಗೆ ಅವತ್ತು ತಿಳಿಯಿತು. ಅಂಬಾರಾಯ ಗಾಬರಿಯಾಗಿ, ಏನಾದರೂ ಬಿದ್ದಿದೆಯೇ ಎಂದು ಪಾತ್ರೆಯೊಳಗೆ ಇಣುಕಿದ. ಅವಳು ಕಣ್ಣು ಒರೆಸಿಕೊಂಡು, ಎಲ್ಲ ಸರಿ ಉಂಟು, ಒಂದು ಹಾಡು ಹೇಳು ಎಂದಳು. ಅವನು ನಾಚುತ್ತ ತನ್ನ ಊರಿನ ಬೀಸುಕಲ್ಲಿನ ಪದ ಒಂದನ್ನು ಶುರು ಮಾಡಿದ. ಮೂರು ದಿನಕ್ಕೆ ದನಿ ಗಟ್ಟಿಯಾಯಿತು. ವಾರ ಕಳೆಯುವಷ್ಟರಲ್ಲಿ ಗೊಣಗುವುದು ತಾನಾಗಿಯೇ ಕಡಿಮೆಯಾಯಿತು. ಹಾಡಿನಿಂದಲೋ, ಅಭ್ಯಾಸದಿಂದಲೋ, ಅದನ್ನು ಅವಳು ಲೆಕ್ಕ ಹಾಕಲು ಹೋಗಲಿಲ್ಲ.

ಫೆಬ್ರವರಿ ಹದಿನೆಂಟಕ್ಕೆ ಸುಂದರನ ಫೋನು ಬಂತು. ಹೆಣ್ಣು ಮಗು, ಎರಡೂವರೆ ಕಿಲೋ, ತಾನೇ ಮೊದಲು ಎತ್ತಿಕೊಂಡದ್ದು, ಹಲ್ಲು ಇನ್ನೂ ಬಂದಿಲ್ಲ. ಕೊನೆಯ ಮಾತು ಕೇಳಿ ಭುಜಂಗ ನಗಬೇಕೋ ಅಳಬೇಕೋ ತಿಳಿಯದೆ, ಫೋನು ಇಟ್ಟು, ಬಂದವರಿಗೆಲ್ಲ ಊರಿನ ಸಿಹಿ ಹಾಲುಬಾಯಿ ಹಂಚಿಸಿದ.

ಆ ಮಧ್ಯಾಹ್ನ ಹೋಟೆಲು ಖಾಲಿಯಿದ್ದಾಗ ಅವನು ಹೆಂಡತಿಯನ್ನು ಗಲ್ಲಾದ ಹತ್ತಿರ ಕರೆದ. ಸ್ವಲ್ಪ ಹೊತ್ತು ಊದುಬತ್ತಿಯ ಬೂದಿಯನ್ನು ಬೆರಳಿನಲ್ಲಿ ಅತ್ತಿತ್ತ ಸರಿಸಿದ.

"ಲೀಲಾ, ನಾನಿಲ್ಲದಿದ್ರೂ ಈ ಹೋಟ್ಲು ನಡೀತದಾ ಅಂತ ನೋಡ್ಲಿಕ್ಕೆ ಎಂತಾದ್ರೂ ಪರೀಕ್ಷೆ ಉಂಟಾ?"

ಅವಳು ಅವನ ಮುಖ ನೋಡಿದಳು. ತಮಾಷೆಯಲ್ಲ. ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಪುಣೆಯ ಶನಿವಾರವಾಡೆ ಕೋಟೆಯ ಒಳಗೂ ಹೋಗಿ ನೋಡಿದವನಲ್ಲ. ಉಂಟು ಎಂದಳು. ಒಂದು ದಿನ ನೋಡಿದರೆ ಸಾಲದು, ಹಲವು ದಿನ ಬೇಕು. ಯಾವ ದಿನವೆಂದು ಅವನು ಆರಿಸುವಂತಿಲ್ಲ, ಆರಿಸಿದರೆ ಗಿರಾಕಿ ಕಡಿಮೆಯಿರುವ ದಿನವನ್ನೇ ಹುಡುಕುತ್ತಾನೆ. ಆದ್ದರಿಂದ ತನಗೆ ಕಾಲೇಜಿಲ್ಲದ ದಿನ ಬೆಳಿಗ್ಗೆ ನಾಣ್ಯ ಚಿಮ್ಮುವುದು. ರಾಜಮುದ್ರೆ ಬಿದ್ದರೆ ಗಲ್ಲಾ, ಅಂಕಿ ಬಿದ್ದರೆ ಇಬ್ಬರೂ ಊರು ಬಿಟ್ಟು ಹೋಗುವುದು. ಗಲ್ಲಾಕ್ಕೆ ಶ್ರದ್ಧಾ.

ಮೊದಲ ಎರಡು ಸಲ ರಾಜಮುದ್ರೆ ಬಿತ್ತು. ಎರಡು ಸಲವೂ ಭುಜಂಗನ ಮುಖ ಸಣ್ಣಗಾದದ್ದನ್ನು ಲೀಲಾಕ್ಷಿ ಕಂಡಳು. ಮೂರನೆಯ ಸಲ ಅಂಕಿ. ಅವನು ಇಸ್ತ್ರಿ ಮಾಡಿದ ಅಂಗಿ ಮೊದಲೇ ತೆಗೆದಿಟ್ಟಿದ್ದ.

ಸ್ವಾರಗೇಟಿನಲ್ಲಿ ಸೋಲಾಪುರದ ಕಡೆಯ ಎಸ್.ಟಿ. ಬಸ್ಸು ಹತ್ತಿದರು. ಇಂದಾಪುರಕ್ಕಿಂತ ಮುಂಚೆ ಭಿಗವಣದ ಹತ್ತಿರ ಉಜನಿ ಅಣೆಕಟ್ಟಿನ ಹಿನ್ನೀರಿಗೆ ಚಳಿಗಾಲದಲ್ಲಿ ಕೆಂಪು ರೆಕ್ಕೆಯ ಉದ್ದ ಕಾಲಿನ ಹಕ್ಕಿಗಳು ಬರುತ್ತವೆಂದು ಲೀಲಾಕ್ಷಿಗೆ ತರಗತಿಯ ಹುಡುಗಿಯೊಬ್ಬಳು ಹೇಳಿದ್ದಳು. ಬಸ್ಸು ಚಹಾಕ್ಕೆ ನಿಂತಲ್ಲಿ ಭುಜಂಗ ಎಸ್.ಟಿ.ಡಿ. ಬೂತಿಗೆ ಹೋದ. ಎಲ್ಲ ಸರಿಯಿತ್ತು. ಭಿಗವಣದಲ್ಲಿ ಇಳಿದ ಕೂಡಲೇ ಮತ್ತೆ ಹೋದ. ಎಲ್ಲ ಸರಿಯಿತ್ತು. ಗ್ರೈಂಡರ್ ಎಂದು ಕೇಳಿದ್ದಕ್ಕೆ ತಿರುಗುತ್ತಾ ಉಂಟು ಎಂದಳಂತೆ ಮಗಳು. ಮೂರನೆಯ ಸಲ ಬೂತಿನಿಂದ ಹೊರಗೆ ಬಂದವನ ಮುಖದಲ್ಲಿ ಒಂದು ಥರದ ಆಶ್ಚರ್ಯವಿತ್ತು.

"ಗಿರಾಕಿ ಇದ್ದಾರೆ ಅಪ್ಪ, ಇಡ್ತೇನೆ ಅಂತ ಇಟ್ಟೇಬಿಟ್ಳು ಮಾರಾಯ್ತಿ," ಎಂದ.

ಕಬ್ಬಿನ ಗದ್ದೆಗಳ ನಡುವೆ ನಡೆದು ನೀರಿನ ದಂಡೆಗೆ ಬಂದರು. ಹಕ್ಕಿಗಳಿದ್ದವು. ನೂರಾರು, ಒಂದೇ ಕಾಲಿನ ಮೇಲೆ ನಿಂತು, ಕೊಕ್ಕನ್ನು ತಲೆಕೆಳಗಾಗಿ ನೀರಿಗೆ ಅದ್ದಿ ಮೇಯುತ್ತಿದ್ದವು. ಯಾವುದೋ ಒಂದು ಹಾರಿತು, ಹಿಂದೆಯೇ ಎಲ್ಲವೂ ಎದ್ದವು, ಬೂದು ನೀರಿನ ಮೇಲೆ ಗುಲಾಬಿ ಬಣ್ಣ ಹರಡಿಕೊಂಡಿತು. ಭುಜಂಗ ಚಪ್ಪಲಿ ಕಳಚಿ, ಪ್ಯಾಂಟು ಮಡಚಿ, ಮೊಣಕಾಲಿನವರೆಗೆ ಕೆಸರಿಗೆ ಇಳಿದ. ಯಾಕೆ ಇಳಿದನೆಂದು ಅವನಿಗೂ ಗೊತ್ತಿರಲಿಲ್ಲ. ಲೀಲಾಕ್ಷಿ ಸೀರೆ ಎತ್ತಿ ಕಟ್ಟಿ ತಾನೂ ಇಳಿದಳು. ಬಿದ್ದರೆ ಬಿದ್ದೆವು ಎಂದು ಇಬ್ಬರೂ ಕೈ ಹಿಡಿದುಕೊಂಡು, ಹದಿನೆಂಟರವರ ಹಾಗೆ ಕಿಸಿಕಿಸಿ ನಗುತ್ತ ನಿಂತರು. ದಡದಲ್ಲಿ ಬಲೆ ಒಣಗಿಸುತ್ತಿದ್ದ ಮುದುಕಿ ಮರಾಠಿಯಲ್ಲಿ, ಹೊಸದಾಗಿ ಮದುವೆಯಾದವರೇ ಎಂದು ಕೇಳಿದಳು. ಭುಜಂಗ ಹೌದೆಂದ.

ನಾಲ್ಕರ ಬಸ್ಸಿಗೆ ಹೊತ್ತಾಯಿತು ಎಂದು ಅವಳು ಎರಡು ಸಲ ನೆನಪಿಸಿದಳು. ಅವನು ಕೆಸರು ಕಾಲಿನಲ್ಲೇ ದಡದ ಕಲ್ಲಿನ ಮೇಲೆ ಕೂತು, ಹಕ್ಕಿಗಳು ಮತ್ತೆ ಇಳಿಯುವುದನ್ನು ನೋಡುತ್ತ, ಆರಕ್ಕೆ ಇನ್ನೊಂದು ಬಸ್ಸು ಉಂಟಂತೆ ಎಂದು ಹೇಳಿ ಅವಳಿಗೂ ಪಕ್ಕದಲ್ಲಿ ಜಾಗ ಬಿಟ್ಟ.